ಗಿಟಾರ್ ರೆಕಾರ್ಡಿಂಗಿನ ‘ಲೇಟೆನ್ಸಿ’ಗೆ ಕನ್ನಡದಲ್ಲಿ ಏನನ್ನೋಣ?

ಬಳಗದ ಎಲ್ಲರಿಗೂ ನಮಸ್ಕಾರ.

ನನ್ನ ಅಕ್ಕನ ಮಗ ಮನೆಯ ಕಂಪ್ಯೂಟರಿನಲ್ಲೇ ಎಲೆಕ್ಟ್ರಿಕ್ ಗಿಟಾರ್ ರೆಕಾರ್ಡ್ ಮಾಡಲು ಶುರು ಮಾಡಿದ್ದಾನೆ. ಅವನ ಓರಗೆಯವರಿಗೂ ಆಗಲಿ ಅಂತ ಕನ್ನಡದಲ್ಲಿ ಒಂದು ಕಿರುಕೈಪಿಡಿ ಬರೆಯುತ್ತಿದ್ದೇನೆ. ಕೇಬಲ್, ಪಿಕಪ್, ಹೆಡ್‌ಫೋನ್ ಎಲ್ಲ ಹಾಗೇ ಇರಲಿ. ನಾನು ಸಿಕ್ಕಿಕೊಂಡಿದ್ದು ‘ಲೇಟೆನ್ಸಿ’ಯಲ್ಲಿ.

ವಿಷಯ ಇಷ್ಟು. ತಂತಿ ಮೀಟಿದ ಸದ್ದು, ಗಿಟಾರನ್ನು ಕಂಪ್ಯೂಟರಿಗೆ ಜೋಡಿಸುವ ಇಂಟರ್‌ಫೇಸ್ ಪೆಟ್ಟಿಗೆ ದಾಟಿ, ಕಂಪ್ಯೂಟರಿಗೆ ಹೋಗಿ, ಹೆಡ್‌ಫೋನಿಗೆ ವಾಪಸ್ ಬರಲು ಸ್ವಲ್ಪ ಹೊತ್ತು ಹಿಡಿಯುತ್ತದೆ. ಆ ಹೊತ್ತೇ ಲೇಟೆನ್ಸಿ. ಕಂಪ್ಯೂಟರ್ ಸದ್ದನ್ನು ಹನಿಹನಿಯಾಗಿ ಒಯ್ಯುವುದಿಲ್ಲ, ಬಿಂದಿಗೆ ತುಂಬಿದ ಮೇಲೆ ಎತ್ತುತ್ತದೆ. ಆ ಬಿಂದಿಗೆಯೇ ಬಫರ್. ಸದ್ದಿನ ಒಂದೊಂದು ಹನಿಗೆ, ಅಂದರೆ ಒಂದೊಂದು ಅಳತೆಗೆ, ಸ್ಯಾಂಪಲ್ ಅನ್ನುತ್ತಾರೆ. ಸೆಕೆಂಡಿಗೆ 44,100 ಸ್ಯಾಂಪಲ್ ಲೆಕ್ಕದಲ್ಲಿ 1,024ರ ಬಫರ್ ತುಂಬಲು ಸುಮಾರು 23 ಮಿಲಿಸೆಕೆಂಡ್ ಬೇಕು. 128 ಇಟ್ಟರೆ 3 ಮಿಲಿಸೆಕೆಂಡೂ ಬೇಡ. ಆದರೆ ಬಿಂದಿಗೆ ತೀರಾ ಚಿಕ್ಕದಾದರೆ ಓಡಾಟ ಜಾಸ್ತಿ. ಕಂಪ್ಯೂಟರಿಗೆ ಸುಧಾರಿಸಲಾಗದೆ ಸದ್ದಿನ ನಡುವೆ ಚಟಪಟ ಕೇಳಿಸುತ್ತದೆ.

ಹಾಡುವವರಿಗೆ ತಮ್ಮ ದನಿ ಹೇಗೂ ಕೇಳಿಸುತ್ತದೆ. ಎಲೆಕ್ಟ್ರಿಕ್ ಗಿಟಾರಿಗೆ ಆ ಭಾಗ್ಯ ಇಲ್ಲ. ಅದರ ಒಡಲು ಸಾಮಾನ್ಯವಾಗಿ ಗಟ್ಟಿ ಮರ, ತನ್ನಷ್ಟಕ್ಕೆ ಅದರ ಸದ್ದು ತೀರಾ ಸಣ್ಣದು. ಆ ಒರಟು, ತುಂಬು ನಾದ ಹುಟ್ಟುವುದೇ ಕಂಪ್ಯೂಟರಿನೊಳಗಿನ, ಆಂಪನ್ನು (ಸದ್ದು ಹಿಗ್ಗಿಸುವ ಆಂಪ್ಲಿಫೈಯರನ್ನು) ಅನುಕರಿಸುವ ಸಾಫ್ಟ್‌ವೇರಿನಲ್ಲಿ. ಪೆಟ್ಟಿಗೆಯಿಂದ ನೇರವಾಗಿ ಕೇಳಿಸಿಕೊಂಡರೆ ಬರುವುದು ಬರೀ ತೆಳ್ಳನೆಯ ದನಿ. ಹಾಗಾಗಿ ಆ ನಾದ ಬೇಕೆಂದರೆ ಕಾಯಲೇಬೇಕು. ಹುಡುಗ ಮೊದಲ ದಿನವೇ ಹೇಳಿದ: “ಮಾಮ, ಮೀಟೋದು ಈಗ, ಕೇಳಿಸೋದು ಆಮೇಲೆ.”

ಇದಕ್ಕೆ ಪದ ಯಾವುದು? ‘ಸುಪ್ತತೆ’ ಅನ್ನೋಣವೇ ಅಂದರೆ, ಅದು ಅಡಗಿರುವುದಕ್ಕೆ ಹೇಳುವ ಮಾತು. ಇಂಗ್ಲಿಷ್ ಪದದ ಲ್ಯಾಟಿನ್ ಬೇರಿಗೆ ಆ ಅರ್ಥ ಇದೆ ನಿಜ, ಆದರೆ ಇಲ್ಲಿ ಯಾವುದೂ ಅಡಗಿಲ್ಲ, ಬರುವುದು ತಡ ಅಷ್ಟೇ. ‘ವಿಳಂಬ’ ಅಂತ ಬರೆದೆ. ವೀಣೆ ಕಲಿತ ಅಕ್ಕ ಒಪ್ಪಲಿಲ್ಲ. ಸಂಗೀತದವರಿಗೆ ವಿಳಂಬ ಅಂದರೆ ನಿಧಾನದ ಕಾಲ. ‘ವಿಳಂಬ ಕಡಿಮೆ ಮಾಡಿ’ ಅಂದರೆ ಬೇಗ ನುಡಿಸಿ ಅಂತಾಗುತ್ತದೆ, ಅಲ್ವಾ? ಅವಳ ಮಾತು ಸರಿ ಅನ್ನಿಸಿತು. ‘ಡಿಲೇ’ ಕೂಡ ಆಗದು. ಗಿಟಾರಿನವರಿಗೆ ಅದು ಸದ್ದನ್ನು ಬೇಕೆಂದೇ ಮತ್ತೆ ಮತ್ತೆ ಮರಳಿಸುವ ಎಫೆಕ್ಟ್. ಅದಕ್ಕೆ ‘ಮಾರ್ದನಿ’ ಚೆನ್ನಾಗಿ ಹೊಂದುತ್ತದೆ ಅಂತ ನನಗನ್ನಿಸುತ್ತದೆ.

ಸದ್ಯ ‘ತಡ’ ಅಂತಲೇ ಇಟ್ಟಿದ್ದೇನೆ. ‘ತಡ ಎಷ್ಟಿದೆ?’ ‘ತಡ 10 ಮಿಲಿಸೆಕೆಂಡ್ ದಾಟದಿರಲಿ.’ ಸಲೀಸಾಗಿ ಓದಿಸಿಕೊಳ್ಳುತ್ತದೆ. ಗಾಳಿಯಲ್ಲಿ ಸದ್ದು 10 ಮಿಲಿಸೆಕೆಂಡಿಗೆ ಸುಮಾರು 3.4 ಮೀಟರ್ ಸಾಗುತ್ತದೆ. ಅಂದರೆ ಆಂಪಿನಿಂದ ನಾಲ್ಕು ಹೆಜ್ಜೆ ದೂರ ನಿಂತು ನುಡಿಸಿದ ಹಾಗೆ. ಹೀಗೆ ವಿವರಿಸಿದಾಗ ಹುಡುಗನಿಗೆ ತಟ್ಟನೆ ಹೊಳೆಯಿತು.

ಆದರೂ ‘ತಡ’ ಒಂದೇ ಸಾಕೇ, ‘ಸದ್ದುತಡ’ ಅಂತ ಜೋಡಿಸಬೇಕೇ ಅನ್ನುವ ಅನುಮಾನ ಉಳಿದಿದೆ. ಇನ್ನೊಂದು ಕೇಳಬೇಕು. ಕೆರೆಯ ಆಚೆ ದಡದಲ್ಲಿ ಬಟ್ಟೆ ಒಗೆಯುವಾಗ ಬಡಿತ ಮೊದಲು ಕಾಣುತ್ತದೆ, ಸದ್ದು ಆಮೇಲೆ ಬರುತ್ತದೆ. ಆ ನಡುವಿನ ಹೊತ್ತಿಗೆ ನಿಮ್ಮ ಕಡೆ ಏನಾದರೂ ಮಾತು ಇದೆಯೇ? ಇದ್ದರೆ ಯಾವ ಸೀಮೆಯದು ಅನ್ನುವುದನ್ನೂ ಸೇರಿಸಿ ಬರೆಯಿರಿ.