ಬುಷ್ ಈರುಳ್ಳಿ ಸಿಪ್ಪೆ ಹಂಗೆ ಎದ್ದು ಬರ್ತಿದೆ, ಎಂತ ಮಾಡದು?

ತೀರ್ಥಹಳ್ಳಿ ತೋಟ: ಕೈಯಲ್ಲಿ ಲಿವರ್ ಎಳೆಯೋ ಮೋಲ್ಡಿಂಗ್ ಮಷಿನ್ ಮನೇಲೇ ಮಾಡ್ಕಂಡಿದೀನಿ, ಹಳೇ ಪ್ಲಾಸ್ಟಿಕ್ ಪುಡಿ ಮಾಡಿ ದೋಟಿ (ಕೊಯ್ಯೋ ಉದ್ದ ಕೋಲು) ಜಾಯಿಂಟಿಗೆ ಬುಷ್, ಅಂದ್ರೆ ಬಳೆ, ಹೊಡೀತಿದೀನಿ. ನೋಡಕ್ಕೆ ಚೆನ್ನಾಗೇ ಇರುತ್ತೆ, ಬಗ್ಗಿಸಿದ್ರೆ ಪದರ ಪದರ ಏಳುತ್ತೆ. ಒಂದು ವಾರದಿಂದ ಇದೇ ಗೋಳು, ವಾಸನೆ ಅಂತ ಮನೇಲಿ ಬೈಗುಳ ಬೇರೆ. ಹೀಟರ್ ಸರಿ ಇದೆ, ಡೈ (ಅಚ್ಚು) ಸರಿ ಇದೆ. ಬೇಗ ಹೇಳಿ.

ಸಾಗರ ಪ್ರಿಂಟರ್: ತೇವ. ಈ ಮಳೇಲಿ ಬೇರೆ ಎಂತ ಇರುತ್ತೆ? ನನ್ನ 3ಡಿ ಪ್ರಿಂಟರಿಗೆ ಹಾಕೋ ಪಿಸಿ-ಎಬಿಎಸ್ ಫಿಲಮೆಂಟ್ (ಪ್ಲಾಸ್ಟಿಕ್ ದಾರ) ಓವನ್ನಲ್ಲಿ 80 ಡಿಗ್ರಿಗೆ ಒಣಗಿಸದೆ ಮುಟ್ಟೋದೇ ಇಲ್ಲ.

ಹೊಸನಗರ ಫಿಟ್ಟರ್: ಯಾವ ಪ್ಲಾಸ್ಟಿಕ್? ಎಷ್ಟು ಡಿಗ್ರಿ?

ತೀರ್ಥಹಳ್ಳಿ ತೋಟ: ನೀಲಿ ಕ್ಯಾನು. 170.

ಸಾಗರ ಪ್ರಿಂಟರ್: ಪುಡಿ ಒಣಗಿಸಿ ಮಾರಾಯ್ರೆ. ಆಗುಂಬೆ ಪಕ್ಕದಲ್ಲಿ ಇದ್ಕಂಡು ತೇವ ಅಲ್ಲ ಅಂದ್ರೆ ಯಾರು ನಂಬ್ತಾರೆ.

ಹೊಸನಗರ ಫಿಟ್ಟರ್: ನೀಲಿ ಕ್ಯಾನು ಅಂದ್ರೆ ಎಚ್‌ಡಿಪಿಇ, ಒಂಥರಾ ಗಟ್ಟಿ ಪಾಲಿಥೀನ್. ಅದು ನೀರು ಕುಡಿಯೋದೇ ಇಲ್ಲ ಅನ್ನಬಹುದು. ಪುಡಿ ಮೇಲೆ ತೇವ ಇದ್ರೂ ಗುಳ್ಳೆ ಬರುತ್ತೆ, ಹಿಂಗೆ ಪದರ ಏಳಲ್ಲ. ಬರೀ ಕ್ಯಾನೇನಾ ಹಾಕಿದ್ದು?

ತೀರ್ಥಹಳ್ಳಿ ತೋಟ: ಸಾಕಾಗ್ಲಿಲ್ಲ ಅಂತ ಒಂದು ಮುರಿದ ಚೇರೂ ಸೇರಿಸಿದೀನಿ, ಅರ್ಧಕ್ಕರ್ಧ. ನೀರಿಗೆ ಹಾಕಿ ನೋಡ್ದೆ, ಎರಡೂ ತೇಲುತ್ತೆ, ಒಂದೇ ಜಾತಿ ಅಂದ್ಕಂಡೆ.

ಹೊಸನಗರ ಫಿಟ್ಟರ್: ಇದನ್ನ ಮೊದ್ಲೇ ಹೇಳೋದಲ್ವಾ! ಚೇರು ಪಿಪಿ, ಅಂದ್ರೆ ಪಾಲಿಪ್ರೊಪಿಲೀನ್, ಬೇರೆ ಜಾತಿ. ಪಿಪಿ ಸಾಂದ್ರತೆ 0.9, ಎಚ್‌ಡಿಪಿಇ 0.95ರ ಹತ್ರ, ನೀರಿಗಿಂತ ಎರಡೂ ಹಗುರ, ತೇಲೋದ್ರಿಂದ ಏನೂ ಗೊತ್ತಾಗಲ್ಲ. ಅಡಿಯಲ್ಲಿ ತ್ರಿಕೋನದೊಳಗೆ ನಂಬರ್ ಇದ್ರೆ ನೋಡಿ, 2 ಅಂದ್ರೆ ಎಚ್‌ಡಿಪಿಇ, 5 ಅಂದ್ರೆ ಪಿಪಿ. ಕರಗಿಸಿದ್ರೂ ಇವೆರಡು ಬೆರೆಯಲ್ಲ, ಎಣ್ಣೆ ನೀರು ಕಲಕಿದ ಹಂಗೆ ಒಂದರೊಳಗೆ ಇನ್ನೊಂದು ಹನಿಹನಿಯಾಗಿ ಕೂರುತ್ತೆ. ಡೈಗೆ ತಳ್ಳುವಾಗ ಆ ಹನಿ ಉದ್ದಕ್ಕೆ ಎಳೆದು ಹಾಳೆ ಆಗುತ್ತೆ, ಹಾಳೆ ನಡುವೆ ಹಿಡಿತ ಇಲ್ಲ, ಅದೇ ನಿಮ್ಮ ಈರುಳ್ಳಿ. ಜೊತೆಗೆ ಪಿಪಿ ಕರಗೋದೇ 160-165ಕ್ಕೆ, 170ರಲ್ಲಿ ಅರೆಬೆಂದ ಗಂಟು ಉಳಿದಿರುತ್ತೆ.

ಸಾಗರ ಪ್ರಿಂಟರ್: ಹಂಗಾದ್ರೆ ಕಾರಿನ ಬಂಪರ್ ಎಂತದು? ಅದೂ ಪಿಪಿಗೆ ರಬ್ಬರ್ ಬೆರೆಸಿದ್ದೇ. ಪಿಸಿ-ಎಬಿಎಸ್ಸೂ ಎರಡು ಪ್ಲಾಸ್ಟಿಕ್ಕಿನ ಬೆರಕೆನೇ.

ಹೊಸನಗರ ಫಿಟ್ಟರ್: ಅವೂ ಒಂದಾಗಿ ಕರಗಿರಲ್ಲ. ಹನಿ ತುಂಬಾ ಸಣ್ಣ ಇರುತ್ತೆ, ಅಂಚು ಅಂಟ್ಕಂಡಿರುತ್ತೆ, ಅದಕ್ಕೇ ಗುದ್ದಿದ್ರೂ ಬಂಪರ್ ಬೇಗ ಸೀಳಲ್ಲ. ನಿಮ್ಮ ಪಿಪಿ-ಎಚ್‌ಡಿಪಿಇಗೂ ಎಥಿಲೀನ್-ಪ್ರೊಪಿಲೀನ್ ರಬ್ಬರ್ ಸ್ವಲ್ಪ ಹಾಕಿದ್ರೆ ಹಿಡಿತ ಬರುತ್ತೆ, ಆದ್ರೆ ಚೆನ್ನಾಗಿ ಕಲಸೋಕೆ ಒಳಗೆ ಸ್ಕ್ರೂ ತಿರುಗೋ ಮಷಿನ್ ಬೇಕು. ಲಿವರಲ್ಲಿ ಆಗೋ ಕೆಲಸ ಅಲ್ಲ.

ಕೊಪ್ಪದ ಕಾಫಿ: ಬುಷ್ ಯಾಕ್ರೀ, ನಮ್ಮನೇಲಿ ಕಾರ್ಬನ್ ಫೈಬರ್ ದೋಟಿ ತಂದು ಎರಡು ಕೊಯ್ಲು ಆಯ್ತು. ಔಷಧಿ ಹೊಡೆಯೋದೂ ಅದರಲ್ಲೇ, ಮರ ಹತ್ತೋ ಮಾತೇ ಇಲ್ಲ.

ಸಾಗರ ಪ್ರಿಂಟರ್: ಕಾರ್ಬನ್ ಫೈಬರಲ್ಲಿ ಕರೆಂಟ್ ಹರಿಯುತ್ತೆ, ತೋಟದ ಮೇಲೆ ಲೈನ್ ಇದ್ರೆ ಹುಷಾರು.

ಕೊಪ್ಪದ ಕಾಫಿ: ನಮ್ಮ ತೋಟದ ಮೇಲೆ ಲೈನೇ ಇಲ್ಲ.

ತೀರ್ಥಹಳ್ಳಿ ತೋಟ: ಬರೀ ಕ್ಯಾನ್ ಹಾಕಿ 200ಕ್ಕೆ ಹೊಡೆದೆ, ಪದರ ಹೋಯ್ತು. ಈಗ ತಣ್ಣಗಾದ ಮೇಲೆ ತೂತು ಚಿಕ್ಕದಾಗಿ ದೋಟಿಗೇ ಹೋಗ್ತಿಲ್ಲ.

ಹೊಸನಗರ ಫಿಟ್ಟರ್: ಎಚ್‌ಡಿಪಿಇ ನೂರಕ್ಕೆ ಎರಡು ಮೂರು ಪಾಲು ಕುಗ್ಗುತ್ತೆ. ಡೈಯಲ್ಲಿ ತೂತು ಬಿಡೋ ಪಿನ್ ಎಷ್ಟು ಎಂಎಂ?

ಸಾಗರ ಪ್ರಿಂಟರ್: ಒಣಗಿಸಿ ಹೊಡೆದ್ರಾ, ಹಂಗೇನಾ?

ಕೊಪ್ಪದ ಕಾಫಿ: ಚೇರು ಪುಡಿ ಉಳಿದಿದ್ರೆ ನನಗೆ ಬೇಕಿತ್ತು.