ಮಂಕಾದ ಹಳೆಯ ಟಾಟಾ 407ರ ಬಣ್ಣಕ್ಕೆ ಮತ್ತೆ ಹೊಳಪು ತರುವ ಬಗೆ

ಪ್ರಶ್ನೆ (ಹೊಸಪೇಟೆಯಿಂದ):

ಮೇಸ್ತ್ರಿಯವರಿಗೆ ನಮಸ್ಕಾರಗಳು. ನಮ್ಮ ಮನೆಯಲ್ಲಿ 1994ರ ಟಾಟಾ 407 ಗಾಡಿಯೊಂದಿದೆ. ತಂದೆಯವರು ಬಹಳ ವರ್ಷ ಅದರಲ್ಲಿಯೇ ಬಾಳೆಗೊನೆಗಳನ್ನು ಸಾಗಿಸಿ ನಮ್ಮನ್ನು ಓದಿಸಿದರು. ಈಗ ಗಾಡಿ ದುಡಿಮೆಗೆ ಹೋಗುವುದು ಕಡಿಮೆಯಾಗಿದ್ದರೂ ಅದನ್ನು ಮಾರಲು ನಮಗೆ ಮನಸ್ಸಿಲ್ಲ. ಕ್ಯಾಬಿನ್ನಿಗೆ ಹತ್ತು ಹನ್ನೆರಡು ವರ್ಷಗಳ ಹಿಂದೆ ಗ್ಯಾರೇಜಿನಲ್ಲಿ ಹೊಡೆಸಿದ ಕೆಂಪು ಬಣ್ಣವು ಇಂದು ಇಟ್ಟಿಗೆ ಪುಡಿಯಂತೆ ಮಂಕಾಗಿದೆ. ಅಂಗೈಯಿಂದ ಸವರಿದರೆ ಕೆಂಪು ಪುಡಿ ಕೈಗೆ ಹತ್ತುತ್ತದೆ. ಬಾಗಿಲಿನ ಮೇಲೆ ಕಲಾವಿದರೊಬ್ಬರು ಕುಂಚದಲ್ಲಿ ಬರೆದ ತಂದೆಯವರ ಹೆಸರಿದೆ, ಅದು ಅಳಿಯಬಾರದು. ಹೊಸದಾಗಿ ಬಣ್ಣ ಹೊಡೆಸದೆಯೇ ಹಳೆಯ ಹೊಳಪನ್ನು ಮರಳಿ ತರಲು ಸಾಧ್ಯವೇ? ನಮ್ಮ ಚಾಲಕರು ಡೀಸೆಲ್‌ನಲ್ಲಿ ಕೊಬ್ಬರಿ ಎಣ್ಣೆ ಬೆರೆಸಿ ಒರೆಸಿದರೆ ಸಾಕೆನ್ನುತ್ತಾರೆ. ಅದು ಸರಿಯೇ?

ಉತ್ತರ:

ನಮಸ್ಕಾರ. ಕೈಗೆ ಕೆಂಪು ಪುಡಿ ಹತ್ತುತ್ತದೆ ಎಂದು ನೀವು ಬರೆದದ್ದೇ ನನಗೆ ಸಮಾಧಾನ ತಂದ ಮಾತು, ಏಕೆಂದರೆ ಅದು ನಿಮ್ಮ ಗಾಡಿಯ ಬಣ್ಣವನ್ನು ಉಳಿಸಿಕೊಳ್ಳಬಹುದೆಂಬುದರ ಗುರುತು. ವಾಹನದ ಬಣ್ಣದಲ್ಲಿ ಮುಖ್ಯವಾಗಿ ಎರಡು ಬಗೆಗಳಿವೆ. ಒಂದರಲ್ಲಿ ಬಣ್ಣದ ಪುಡಿ ಮತ್ತು ಅದನ್ನು ಹಿಡಿದಿಡುವ ರಾಳ ಒಂದೇ ಪದರದಲ್ಲಿ ಬೆರೆತಿರುತ್ತವೆ. ಲಾರಿಗಳಿಗೆ ಗ್ಯಾರೇಜುಗಳಲ್ಲಿ ಹೊಡೆಯುವ ಸಿಂಥೆಟಿಕ್ ಎನಾಮಲ್ ಈ ಬಗೆಯದು. ಇನ್ನೊಂದರಲ್ಲಿ ಬಣ್ಣದ ಪದರದ ಮೇಲೆ ಕ್ಲಿಯರ್ ಕೋಟ್ ಎಂಬ ಪಾರದರ್ಶಕ ಪದರ ಬೇರೆಯಾಗಿಯೇ ಇರುತ್ತದೆ. ಬಿಸಿಲಿನ ಅತಿನೇರಳೆ ಕಿರಣಗಳು ಎನಾಮಲ್‌ನ ಮೇಲ್ಮೈಯಲ್ಲಿರುವ ರಾಳವನ್ನು ಒಡೆದಾಗ ಹಿಡಿತ ತಪ್ಪಿದ ಬಣ್ಣದ ಪುಡಿ ಸಡಿಲವಾಗಿ ಮೇಲೆ ನಿಲ್ಲುತ್ತದೆ. ನಿಮ್ಮ ಕೈಗೆ ಹತ್ತುವುದು ಅದೇ ಪುಡಿ. ಅದರ ಕೆಳಗೆ ಬಿಸಿಲು ಮುಟ್ಟದ ಕೆಂಪು ಇನ್ನೂ ಹಾಗೆಯೇ ಇದೆ. ಹೊಳಪನ್ನು ಮೇಲಿಂದ ಬಳಿಯಲಾಗದು, ಸತ್ತ ಪದರವನ್ನು ತೆಗೆದಾಗ ಒಳಗಿನದು ತಾನಾಗಿ ಕಾಣುತ್ತದೆ.

ಆದರೆ ಆ ಒಳಗಿನ ಬಣ್ಣಕ್ಕೆ ಮಿತಿಯಿದೆ ಎಂಬುದನ್ನು ಕೆಲಸದ ಕೊನೆಯವರೆಗೂ ನೆನಪಿನಲ್ಲಿಡಬೇಕು. ಕಾರ್ಖಾನೆಯಿಂದ ಬಂದ ವಾಹನಗಳಲ್ಲಿ ತಗಡಿಗೆ ಮೊದಲು ಹೊಡೆಯುವ ತಳಪದರವಾದ ಪ್ರೈಮರ್ ಸೇರಿ ಎಲ್ಲ ಪದರಗಳ ಒಟ್ಟು ದಪ್ಪ ಸಾಮಾನ್ಯವಾಗಿ 100ರಿಂದ 150 ಮೈಕ್ರಾನ್, ಅಂದರೆ ನೋಟ್‌ಬುಕ್ಕಿನ ಒಂದೆರಡು ಹಾಳೆಗಳಷ್ಟು ಮಾತ್ರ. ಎಫ್.ಸಿ.ಗೆ, ಅಂದರೆ ಗಾಡಿಯ ಅರ್ಹತಾ ಪತ್ರದ ತಪಾಸಣೆಗೆ, ಹೋಗುವ ಮುನ್ನ ಮತ್ತೆ ಮತ್ತೆ ಬಣ್ಣ ಹೊಡೆಸಿದ ಗಾಡಿಗಳಲ್ಲಿ ದಪ್ಪ ಹೆಚ್ಚಿರುತ್ತದೆ ನಿಜ, ಆದರೆ ಆ ದಪ್ಪದಲ್ಲಿ ಹಳೆಯ ಬಣ್ಣ, ಪ್ರೈಮರ್, ಪುಟ್ಟಿ ಎಲ್ಲವೂ ಸೇರಿರುವುದರಿಂದ ಮೇಲಿನ ಕೆಂಪು ಎಷ್ಟಿದೆ ಎಂಬುದನ್ನು ಅದರಿಂದ ಹೇಳಲಾಗದು. ಆದ್ದರಿಂದ ಎಷ್ಟು ಕಡಿಮೆ ಉಜ್ಜಿ ಕೆಲಸ ಮುಗಿಸಬಹುದೋ ಅಷ್ಟೇ ಉಜ್ಜಬೇಕು.

ಚಾಲಕರು ಹೇಳಿದ ಡೀಸೆಲ್ ಮತ್ತು ಎಣ್ಣೆಯ ವಿಚಾರ ಹೇಳುತ್ತೇನೆ. ಪುಡಿಯಾದ ಮೇಲ್ಮೈಯಲ್ಲಿ ಕಣ್ಣಿಗೆ ಕಾಣದ ತಗ್ಗುಗಳಿರುವುದರಿಂದ ಬೆಳಕು ಚದುರಿ ಬಣ್ಣ ಮಂಕಾಗಿ ತೋರುತ್ತದೆ. ಎಣ್ಣೆ ಆ ತಗ್ಗುಗಳನ್ನು ತುಂಬಿದಾಗ ಒಂದೆರಡು ದಿನ ಗಾಡಿ ಹೊಸದರಂತೆ ಹೊಳೆಯುತ್ತದೆ. ನಿಮ್ಮ ಊರಿನಲ್ಲಿ ಮಾತ್ರ ಇದನ್ನು ಖಂಡಿತ ಮಾಡಬೇಡಿ. ಹೊಸಪೇಟೆ, ಸಂಡೂರು ಕಡೆಯ ಗಾಳಿಯಲ್ಲಿರುವ ಕಬ್ಬಿಣದ ಅದಿರಿನ ಧೂಳು ಬಣ್ಣಕ್ಕಿಂತ ಬಹಳ ಗಟ್ಟಿ. ಅದು ಎಣ್ಣೆಗೆ ಅಂಟಿಕೊಂಡ ಮೇಲೆ ಚಾಲಕರು ಮರುದಿನ ಬಟ್ಟೆಯಿಂದ ಒರೆಸಿದರೆ ಆ ಬಟ್ಟೆಯೇ ಉಪ್ಪುಕಾಗದವಾಗಿ ಗಾಡಿಯ ಮೈತುಂಬ ಗೀರು ಬೀಳುತ್ತದೆ. ಇದರ ಜೊತೆಗೆ, ಮುಂದೆಂದಾದರೂ ಬಣ್ಣ ಹೊಡೆಸುವಾಗ ಉಳಿದ ಎಣ್ಣೆಯಿಂದ ಹೊಸ ಬಣ್ಣ ಹಿಡಿಯದೆ ಮೀನಿನ ಕಣ್ಣಿನಂತಹ ಗುಳಿಗಳು ಏಳುತ್ತವೆ.

ಈಗ ಕೆಲಸದ ಕ್ರಮಕ್ಕೆ ಬರೋಣ. ಮೊದಲು ಒರೆಸದೆ, ಬರೀ ನೀರನ್ನು ಮೇಲಿನಿಂದ ಹಾಯಿಸಿ ಅದಿರಿನ ಧೂಳೆಲ್ಲ ಹರಿದು ಹೋಗಲು ಬಿಡಿ. ಅನಂತರ ಎರಡು ಬಕೆಟ್ ಇಟ್ಟುಕೊಂಡು, ಒಂದರಲ್ಲಿ ಕಾರ್ ಶಾಂಪೂ ನೀರು, ಇನ್ನೊಂದರಲ್ಲಿ ಬಟ್ಟೆ ಜಾಲಾಡಲು ಬರೀ ನೀರು ಇರುವಂತೆ ನೋಡಿಕೊಂಡು ಮೇಲಿನಿಂದ ಕೆಳಕ್ಕೆ ತೊಳೆಯಿರಿ. ತೊಳೆದ ಮೇಲೂ ಕೈಗೆ ಮರಳಿನಂತೆ ತೊಡರುವ ಕಣಗಳನ್ನು ಕ್ಲೇ ಬಾರ್ ಎಂಬ ಮೆದು ಮುದ್ದೆಗೆ ಶಾಂಪೂ ನೀರು ಸಿಂಪಡಿಸಿಕೊಂಡು ಹಗುರವಾಗಿ ಜಾರಿಸಿ ತೆಗೆಯಬೇಕು. ಮುದ್ದೆ ಒಮ್ಮೆ ನೆಲಕ್ಕೆ ಬಿದ್ದರೆ ಅದನ್ನು ಎಸೆದು ಬೇರೆಯದನ್ನು ತೆಗೆದುಕೊಳ್ಳಿ. ಈ ಹಂತವನ್ನು ಬಿಟ್ಟು ನೇರವಾಗಿ ಬಫಿಂಗ್ ಮೆಷಿನ್ (ತಿರುಗುವ ಮೆದು ಚಕ್ರದಿಂದ ಪಾಲಿಶ್ ಉಜ್ಜುವ ಯಂತ್ರ) ಹಿಡಿದವರು ಅದಿರನ್ನೇ ಬಣ್ಣದೊಳಗೆ ಅರೆದುಬಿಡುತ್ತಾರೆ.

ಮುಂದಿನದು ಪರೀಕ್ಷೆ. ಬಾಗಿಲಿನ ಕೆಳ ಅಂಚಿನ ಹತ್ತಿರ, ಯಾರ ಕಣ್ಣಿಗೂ ಬೀಳದ ಕಡೆ ಅಂಗೈಯಗಲ ಜಾಗವನ್ನು ಆರಿಸಿ, ಬಿಳಿ ಬಟ್ಟೆಯಲ್ಲಿ ಸ್ವಲ್ಪ ನಯವಾದ ಪಾಲಿಶ್ ತೆಗೆದುಕೊಂಡು ಕೈಯಿಂದಲೇ ಉಜ್ಜಿ ನೋಡಿ. ಬಟ್ಟೆ ಕೆಂಪಾಗಿ, ಉಜ್ಜಿದ ಜಾಗ ಹೊಳೆದರೆ ಇಡೀ ಗಾಡಿಗೆ ಅದೇ ಪಾಲಿಶ್ ಸಾಕು. ಹೊಳಪು ಬಾರದಿದ್ದರೆ ಮಾತ್ರ ಅದಕ್ಕಿಂತ ಒರಟಾದ ರಬ್ಬಿಂಗ್ ಕಾಂಪೌಂಡ್ ಬಳಸಿ. ಅದಕ್ಕೂ ಜಗ್ಗದ ಕಡೆಗಳಲ್ಲಿ ಮಾತ್ರ 2000 ನಂಬರಿನ ವಾಟರ್ ಪೇಪರನ್ನು (ನೀರು ಹಾಕಿ ಉಜ್ಜುವ ನಯವಾದ ಉಪ್ಪುಕಾಗದ) ಹದಿನೈದು ನಿಮಿಷ ನೀರಿನಲ್ಲಿ ನೆನೆಸಿ, ರಬ್ಬರ್ ತುಂಡಿಗೆ ಸುತ್ತಿಕೊಂಡು ಹಗುರವಾಗಿ ಎಳೆಯಿರಿ. ನೀರು ಕೆಂಪಾಗಿ ಇಳಿಯುವುದನ್ನು ಕಂಡು ಹೆದರಬೇಡಿ, ಅದು ಸಹಜ. ಕೆಂಪಿನ ನಡುವೆ ಬೂದು ಬಣ್ಣ ಇಣುಕಿತೆಂದರೆ ಅದು ಪ್ರೈಮರ್, ಅಲ್ಲಿಗೆ ಕೈ ನಿಲ್ಲಿಸಬೇಕು.

ಬಫಿಂಗ್ ಮೆಷಿನ್ ಬಳಸುವುದಾದರೆ ಕ್ಯಾಬಿನ್ನಿನ ಏಣುಗಳು, ಬಾಗಿಲಿನ ಅಂಚುಗಳು, ಮಡ್‌ಗಾರ್ಡಿನ ಮಡಿಕೆಗಳು ಇವೆಲ್ಲಕ್ಕೂ ಮಾಸ್ಕಿಂಗ್ ಟೇಪ್ ಅಂಟಿಸಿ, ಏಕೆಂದರೆ ಏಣಿನ ಮೇಲೆ ಬಣ್ಣ ತೆಳುವಾಗಿದ್ದು ಮೆಷಿನ್ನಿನ ಒತ್ತಡವೆಲ್ಲ ಅಲ್ಲಿಯೇ ಬೀಳುತ್ತದೆ. ಒಮ್ಮೆಗೆ ಎರಡು ಅಡಿ ಚೌಕಕ್ಕಿಂತ ಹೆಚ್ಚು ಜಾಗ ಹಿಡಿಯಬೇಡಿ. ಕಾಂಪೌಂಡನ್ನು ಮೊದಲು ನಿಧಾನ ವೇಗದಲ್ಲಿ ಹರಡಿ, ಆಮೇಲೆ ನಿಮಿಷಕ್ಕೆ 1200ರಿಂದ 1500 ಸುತ್ತುಗಳಿಗೆ ಏರಿಸಿ, ಮೆಷಿನ್ನಿನ ಭಾರವನ್ನಷ್ಟೇ ಬಿಟ್ಟು, ಒಂದೇ ಕಡೆ ನಿಲ್ಲಿಸದೆ ಸಾಗಿಸುತ್ತಿರಿ. ನಡುನಡುವೆ ಅಂಗೈಯ ಹಿಂಭಾಗದಿಂದ ತಗಡನ್ನು ಮುಟ್ಟಿ ನೋಡಿ, ಬಿಸಿ ತಾಳಲಾಗದಂತಿದ್ದರೆ ಆರಲು ಬಿಡಿ. ಬೆಳಿಗ್ಗೆ ಒಂಬತ್ತರೊಳಗೆ ಅಥವಾ ತಾಡಪಾಲಿನ ನೆರಳಿನಲ್ಲಿ ಮಾತ್ರ ಈ ಕೆಲಸ ಮಾಡಿ. ಬಳ್ಳಾರಿ ಸೀಮೆಯ ಬಿಸಿಲಿನಲ್ಲಿ ಕಾದ ತಗಡಿನ ಮೇಲೆ ಕಾಂಪೌಂಡ್ ಕೂಡಲೇ ಒಣಗಿ ಕಚ್ಚಿಕೊಳ್ಳುತ್ತದೆ.

ತಂದೆಯವರ ಹೆಸರಿನ ವಿಷಯವನ್ನು ನಾನು ಬೇರೆಯಾಗಿಯೇ ಬರೆಯುತ್ತೇನೆ, ಅದು ಹೋದರೆ ಮತ್ತೆ ಬರುವುದಿಲ್ಲ. ಕುಂಚದ ಅಕ್ಷರ ಕೆಂಪು ಬಣ್ಣದ ಮೇಲೆ ನಿಂತ ಇನ್ನೊಂದು ತೆಳು ಪದರ, ಮೆಷಿನ್ ಸೋಕಿದ ಕ್ಷಣದಲ್ಲಿ ಅದು ಸವೆಯುತ್ತದೆ. ಅಕ್ಷರಗಳ ಸುತ್ತ ನಾಲ್ಕು ಬೆರಳಿನಷ್ಟು ಅಂತರ ಬಿಟ್ಟು ಮೆಷಿನ್ ನಿಲ್ಲಿಸಿ. ಟೇಪನ್ನು ಅಕ್ಷರಗಳ ಮೇಲೆ ಅಂಟಿಸಬೇಡಿ, ಹಳೆಯ ಬಣ್ಣ ಟೇಪಿನೊಡನೆ ಎದ್ದು ಬರಬಹುದು. ಬಿಟ್ಟ ಅಂತರದಲ್ಲಿ ಬೆರಳಿಗೆ ಹತ್ತಿಬಟ್ಟೆ ಸುತ್ತಿಕೊಂಡು ನಯವಾದ ಪಾಲಿಶಿನಿಂದ ಅಕ್ಷರದ ಅಂಚಿನವರೆಗೆ ಕೈಯಲ್ಲಿಯೇ ಉಜ್ಜಿ. ಅಕ್ಷರಗಳನ್ನು ಶಾಂಪೂ ನೀರಿನಲ್ಲಿ ತೊಳೆದು, ಉಜ್ಜುವ ಪುಡಿಯಿಲ್ಲದ ವ್ಯಾಕ್ಸ್ ಹಚ್ಚಿದರೆ ಸಾಕು. ಒಂದು ದಿನ ಹೆಚ್ಚು ಹಿಡಿದರೂ ಚಿಂತೆಯಿಲ್ಲ.

ಕೊನೆಯಲ್ಲಿ ಎಲ್ಲ ಕಡೆಗೂ ವ್ಯಾಕ್ಸ್ ತೆಳುವಾಗಿ ಹಚ್ಚಿ ಒರೆಸಬೇಕು. ಹೊಸದಾಗಿ ತೆರೆದುಕೊಂಡ ಕೆಂಪಿಗೆ ರಕ್ಷಣೆಯಿಲ್ಲದಿದ್ದರೆ ಅದೂ ಮತ್ತೆ ಮಂಕಾಗುತ್ತದೆ. ನಿಮ್ಮ ಬಿಸಿಲಿಗೆ ಎರಡು ಮೂರು ತಿಂಗಳಿಗೊಮ್ಮೆ ವ್ಯಾಕ್ಸ್ ಹಚ್ಚುವುದು ಅವಶ್ಯ. ಹಿಂದಿನ ಕೆಂಪು ಮತ್ತು ಪಕ್ಕದ ಹಳದಿ ರಿಫ್ಲೆಕ್ಟರ್ ಪಟ್ಟಿಗಳ ಮೇಲೆ ಕಾಂಪೌಂಡ್ ತಾಗಿಸಬೇಡಿ.

ಮರುಪ್ರಶ್ನೆ (ಅದೇ ಸದಸ್ಯರಿಂದ):

ಇಷ್ಟು ವಿವರವಾಗಿ ಬರೆದುದಕ್ಕೆ ಕೃತಜ್ಞತೆಗಳು. ಕೆಂಪು ಬಣ್ಣದ ಕೆಳಗೆ ಮೊದಲಿನ ಹಳದಿ ಬಣ್ಣವೊಂದಿದೆ ಎಂದು ಅಮ್ಮ ಹೇಳುತ್ತಾರೆ. ಮನೆಯ ಅಂಗಳದಲ್ಲಿಯೇ, ಮಕ್ಕಳು ಆಡುವ ಕಡೆ ಈ ಕೆಲಸ ಮಾಡಿದರೆ ತೊಂದರೆಯೇ?

ಉತ್ತರ:

ಕೇಳಿದ್ದು ಬಹಳ ಒಳ್ಳೆಯದಾಯಿತು, ನಾನೇ ಮೊದಲು ಹೇಳಬೇಕಾಗಿದ್ದ ಮಾತಿದು. ಹಳೆಯ ಕಾಲದ ಹಳದಿ ಮತ್ತು ಕಿತ್ತಳೆ ಬಣ್ಣಗಳಲ್ಲಿ, ಕೆಲವು ಕೆಂಪುಗಳಲ್ಲಿಯೂ, ಸೀಸದ ಕ್ರೋಮೇಟ್ ಬಳಸುವ ರೂಢಿಯಿತ್ತು. ನಮ್ಮ ದೇಶದಲ್ಲಿ ಬಣ್ಣದ ಸೀಸವನ್ನು 90 ಪಿಪಿಎಂಗೆ (ಹತ್ತು ಲಕ್ಷ ಭಾಗಗಳಲ್ಲಿ 90 ಭಾಗ) ಮಿತಿಗೊಳಿಸಿದ 2016ರ ನಿಯಮವು ಮನೆಗೆ ಬಳಿಯುವ ಬಣ್ಣ ಮತ್ತು ಅಲಂಕಾರಿಕ ಬಣ್ಣಗಳಿಗೆ ಸಂಬಂಧಿಸಿದ್ದು, ಅದರ ಭರವಸೆಯನ್ನು ಹಳೆಯ ಲಾರಿಯ ಬಣ್ಣಕ್ಕೆ ಅನ್ವಯಿಸಿಕೊಳ್ಳಲಾಗದು. ಸೀಸ ಮಕ್ಕಳ ಮಿದುಳಿನ ಬೆಳವಣಿಗೆಗೆ ಹಾನಿ ಮಾಡುತ್ತದೆ. ಆದ್ದರಿಂದ ಒಣ ಪೇಪರಿನಿಂದ ಎಂದಿಗೂ ಉಜ್ಜಬೇಡಿ, ನೀರು ಹಾಕಿಯೇ ಉಜ್ಜಿ. ಮಕ್ಕಳನ್ನು ದೂರವಿಡಿ, ಮಾಸ್ಕ್ ಧರಿಸಿ. ಕೆಳಗೆ ಪ್ಲಾಸ್ಟಿಕ್ ಹಾಳೆ ಹಾಸಿ, ಕೆಂಪು ನೀರು ಬಾವಿ ಅಥವಾ ತರಕಾರಿ ಮಡಿಯ ಕಡೆ ಹರಿಯದಂತೆ ನೋಡಿಕೊಳ್ಳಿ. ಕೈ ತೊಳೆಯದೆ ಊಟಕ್ಕೆ ಕೂರಬೇಡಿ, ಕೆಲಸದ ಬಟ್ಟೆಯನ್ನು ಮಕ್ಕಳ ಬಟ್ಟೆಗಳ ಜೊತೆ ಒಗೆಯಬೇಡಿ. ಬೇರೆ ಜಾಗ ಸಿಗುವಂತಿದ್ದರೆ ಅಂಗಳವನ್ನು ಬಿಟ್ಟುಬಿಡಿ ಎಂಬುದೇ ನನ್ನ ಸಲಹೆ.

ಇನ್ನೊಬ್ಬ ಸದಸ್ಯರ ಪ್ರಶ್ನೆ (ದಾವಣಗೆರೆಯಿಂದ):

ನನ್ನದು ಹನ್ನೆರಡು ವರ್ಷ ಹಳೆಯ ಪಿಕಪ್, ಕಡುನೀಲಿ ಮೆಟಾಲಿಕ್ ಬಣ್ಣ. ಬಾನೆಟ್ ಮತ್ತು ಕ್ಯಾಬಿನ್ನಿನ ಮೇಲ್ಭಾಗದಲ್ಲಿ ಬಿಳಿ ಪೊರೆ ಎದ್ದು ಸಿಪ್ಪೆಯಂತೆ ಸುಲಿಯುತ್ತಿದೆ. ನಾನೂ ಇದೇ ಕ್ರಮದಲ್ಲಿ ಪಾಲಿಶ್ ಮಾಡಬಹುದೇ?

ಉತ್ತರ:

ಇಲ್ಲ, ನಿಮ್ಮದು ಬೇರೆಯೇ ಕಾಯಿಲೆ. ಸುಲಿಯುತ್ತಿರುವುದು ಕ್ಲಿಯರ್ ಕೋಟ್. ಅದರ ದಪ್ಪವೇ ಸುಮಾರು 40ರಿಂದ 50 ಮೈಕ್ರಾನ್, ಬಿಸಿಲನ್ನು ತಡೆದುಕೊಳ್ಳುವ ಕೆಲಸವೆಲ್ಲ ಅದರದ್ದೇ. ಮಂಕಾಗಿ ಇನ್ನೂ ಗಟ್ಟಿಯಾಗಿ ಅಂಟಿಕೊಂಡಿರುವ ಬಾಗಿಲುಗಳ ಮೇಲೆ ನಯವಾದ ಪಾಲಿಶ್ ಫಲ ಕೊಡುತ್ತದೆ, ಅಲ್ಲಿ ಬಟ್ಟೆಗೆ ನೀಲಿ ಹತ್ತಬಾರದು, ಹತ್ತಿದರೆ ಕ್ಲಿಯರ್ ಕೋಟ್ ಸವೆದುಹೋಗಿದೆ ಎಂದರ್ಥ. ಸುಲಿದ ಕಡೆಗಳಲ್ಲಿ ಮೆಷಿನ್ ಹಿಡಿದರೆ ಪೊರೆಯ ಅಂಚು ಇನ್ನಷ್ಟು ಎದ್ದು, ಕೆಳಗಿನ ನೀಲಿಯೂ ಹೋಗುತ್ತದೆ. ಬಾನೆಟ್ ಮತ್ತು ಮೇಲ್ಭಾಗವನ್ನು ಪೂರ್ತಿ ಉಜ್ಜಿಸಿ, ಬಣ್ಣ ಮತ್ತು ಕ್ಲಿಯರ್ ಎರಡನ್ನೂ ಹೊಸದಾಗಿ ಹೊಡೆಸುವುದೊಂದೇ ಉಳಿದ ದಾರಿ. ಅದನ್ನು ಮನೆಯಲ್ಲಿ ಮಾಡಬೇಡಿ. ಗಟ್ಟಿಯಾಗಲೆಂದು ಹಾರ್ಡ್ನರ್ ಬೆರೆಸುವ ಕ್ಲಿಯರ್‌ನಲ್ಲಿ ಐಸೋಸಯನೇಟ್ ಎಂಬ ರಾಸಾಯನಿಕವಿದ್ದು, ಅದರ ತುಂತುರನ್ನು ಉಸಿರಾಡಿದವರಿಗೆ ಉಬ್ಬಸ ಶಾಶ್ವತವಾಗಿ ಅಂಟಿಕೊಳ್ಳಬಹುದು. ಬಟ್ಟೆಯ ಮಾಸ್ಕ್ ಅದನ್ನು ತಡೆಯುವುದಿಲ್ಲ. ಒಂದು ಮಾತು, ನೀಲಿಯನ್ನು ಬಿಟ್ಟು ಇಡೀ ಗಾಡಿಗೆ ಬೇರೆ ಬಣ್ಣ ಹೊಡೆಸುವ ಯೋಚನೆಯಿದ್ದರೆ ಮೊದಲು ಆರ್.ಟಿ.ಓ. ಕಚೇರಿಯಲ್ಲಿ ವಿಚಾರಿಸಿ, ಆರ್.ಸಿ.ಯಲ್ಲಿ ಬಣ್ಣವೂ ದಾಖಲಾಗಿರುತ್ತದೆ.

ಮೂರು ವಾರಗಳ ನಂತರ (ಹೊಸಪೇಟೆಯ ಸದಸ್ಯರಿಂದ):

ಮೇಸ್ತ್ರಿಯವರೇ, ಊರಾಚೆಯ ಪರಿಚಯದವರ ಶೆಡ್ಡಿನಲ್ಲಿ ಗಾಡಿ ನಿಲ್ಲಿಸಿ ನಾಲ್ಕು ಬೆಳಗಿನ ಹೊತ್ತುಗಳಲ್ಲಿ ಕೆಲಸ ಮಾಡಿದೆವು. ಬಾಗಿಲುಗಳಿಗೆ ಪಾಲಿಶ್ ಒಂದೇ ಸಾಕಾಯಿತು, ಹೆಸರಿನ ಒಂದು ಗೆರೆಯೂ ಹೋಗಿಲ್ಲ. ಆದರೆ ಕ್ಯಾಬಿನ್ನಿನ ಮೇಲಿನ ಏಣೊಂದರಲ್ಲಿ ಟೇಪ್ ಕಿತ್ತುಹೋಗಿ, ಗೇಣುದ್ದ ಬೂದು ಪ್ರೈಮರ್ ಕಾಣುತ್ತಿದೆ. ಅದರ ಮೇಲೆ ವ್ಯಾಕ್ಸ್ ಹಚ್ಚಿಬಿಡಬಹುದೇ?

ಉತ್ತರ:

ಹೆಸರು ಉಳಿಯಿತೆಂದು ಓದಿ ಬಹಳ ಸಂತೋಷವಾಯಿತು. ಬೂದು ಕಂಡ ಕಡೆ ವ್ಯಾಕ್ಸ್ ಹಚ್ಚಬೇಡಿ. ಪ್ರೈಮರ್ ತೇವವನ್ನು ಹೀರಿಕೊಳ್ಳುತ್ತದೆ, ಮಳೆಗಾಲ ಮುಗಿಯುವಷ್ಟರಲ್ಲಿ ಅಡಿಯ ತಗಡಿಗೆ ತುಕ್ಕು ಹಿಡಿಯಬಹುದು. ಸುತ್ತಲಿನ ಜಾಗಕ್ಕೆ ಈಗಾಗಲೇ ವ್ಯಾಕ್ಸ್ ತಾಗಿದ್ದರೆ ವೈಟ್ ಪೆಟ್ರೋಲಿನಲ್ಲಿ (ಜಿಡ್ಡು ತೆಗೆಯಲು ಬಳಸುವ ದ್ರಾವಕ) ಅದ್ದಿದ ಬಟ್ಟೆಯಿಂದ ಒರೆಸಿ ತೆಗೆಯಿರಿ. ಆ ಕೆಂಪನ್ನೇ ಹೋಲುವ ಎನಾಮಲನ್ನು ಅಂಗಡಿಯಲ್ಲಿ ಹೊಂದಿಸಿಕೊಂಡು ತನ್ನಿ. ಹೊಂದಿಸಲು ಪಾಲಿಶ್ ಆದ ಬಾಗಿಲನ್ನು ತೋರಿಸಬೇಕು, ಮಂಕಾಗಿದ್ದಾಗ ತೆಗೆದ ಫೋಟೋ ಪ್ರಯೋಜನಕ್ಕೆ ಬಾರದು. ಮೆದು ಕುಂಚದಿಂದ ಎರಡು ತೆಳು ಪದರಗಳನ್ನು, ನಡುವೆ ಒಂದು ದಿನ ಬಿಟ್ಟು, ಹಚ್ಚಿ. ಎನಾಮಲ್ ಗಾಳಿಯ ಆಮ್ಲಜನಕವನ್ನು ತೆಗೆದುಕೊಂಡು ನಿಧಾನವಾಗಿ ಗಟ್ಟಿಯಾಗುವ ಬಣ್ಣ. ಮುಟ್ಟಿದರೆ ಒಣಗಿದಂತಿದ್ದರೂ ಒಳಗೆ ಹಸಿಯಿರುತ್ತದೆ, ಆದ್ದರಿಂದ ಒಂದು ತಿಂಗಳು ಕಳೆಯುವವರೆಗೆ ಆ ಏಣಿನ ಜಾಗಕ್ಕೆ ಪಾಲಿಶನ್ನಾಗಲಿ ವ್ಯಾಕ್ಸನ್ನಾಗಲಿ ಹಚ್ಚದೆ ಬರೀ ನೀರಿನಿಂದ ತೊಳೆಯುತ್ತಿರಿ.