.22 ರೈಫಲ್: ಮ್ಯಾಗಜೀನ್ ಎಲ್ಲಿರಬೇಕು, ಹೇಗೆ ಬದಲಿಸಬೇಕು?

ಪ್ರಶ್ನೆ (ಸಕಲೇಶಪುರ): ಸಾರ್, ನನ್ನದು ಬೋಲ್ಟ್ ಆಕ್ಷನ್ .22 (ಪ್ರತಿ ಗುಂಡಿಗೂ ಕೈಯಲ್ಲೇ ಬೋಲ್ಟ್ ಎಳೆದು ಮುಚ್ಚೋದು), ಲೈಸೆನ್ಸ್ ಕೋವಿ. ಕೋವಿಗೆ ಸಿಕ್ಕಿಸೋ ಐದು ಗುಂಡಿನ ಡಬ್ಬಿ, ಅಂದ್ರೆ ಮ್ಯಾಗಜೀನ್, ಮೂರಿವೆ, ಪ್ಯಾಂಟ್ ಜೇಬಲ್ಲಿ ಇಟ್ಕೋತೀನಿ. ರೇಂಜಿನಲ್ಲಿ ಟೈಮ್ ಇಟ್ಟು ಹೊಡೆಯುವಾಗ ಬದಲಿಸೋದ್ರಲ್ಲೇ ಹೊತ್ತು ಹೋಗುತ್ತೆ. ಎರಡನೇ, ಮೂರನೇ ಗುಂಡು ಆಗಾಗ ಸಿಕ್ಕಿಹಾಕಿಕೊಳ್ಳುತ್ತೆ ಕೂಡ. ಏನು ಮಾಡಲಿ?

ಉತ್ತರ (ನಿವೃತ್ತ ಶಸ್ತ್ರ ತರಬೇತುದಾರ, ಹಾಸನ): ಮೊದಲು ಆ ಜೇಬು ಬಿಡಿ. .22ರ ಸೀಸದ ಗುಂಡಿಗೆ ಮೇಣದಂಥ ಜಿಡ್ಡು ಸವರಿರುತ್ತದೆ. ಜೇಬಿನ ನೂಲು, ಕೆಮ್ಮಣ್ಣಿನ ಧೂಳು ಎಲ್ಲ ಅದಕ್ಕೆ ಅಂಟಿ ಮ್ಯಾಗಜೀನ್ ಒಳಗೆ ಹೋಗುತ್ತದೆ. ನಿಮ್ಮ ಎರಡೂ ತೊಂದರೆಗೆ ಅಲ್ಲೊಂದು ಪಾಲಿದೆ.

ಸೊಂಟದ ಬೆಲ್ಟಿಗೆ ಪೌಚ್ ಹಾಕಿ. ಎಡಗಡೆಗೆ ಹಾಕಿ ಅಂತ ಎಲ್ಲರೂ ಹೇಳ್ತಾರೆ. ಮುಂದಿನ ಗುಂಡು ತಾನೇ ತುಂಬಿಕೊಳ್ಳುವ, ಬಲಗೈ ಹಿಡಿಯಲ್ಲೇ ಉಳಿಯುವ ಸೆಮಿ ಆಟೋ ಕೋವಿಗೆ ಅದು ಸರಿ. ನಿಮ್ಮದು ಬೋಲ್ಟ್ ಆಕ್ಷನ್. ಬೋಲ್ಟ್ ಎಳೆಯಲು ಬಲಗೈ ಹೇಗೂ ಹಿಡಿ ಬಿಟ್ಟಿರುತ್ತದೆ, ಎಡಗೈ ಕೋವಿ ಹೊತ್ತಿರುತ್ತದೆ. ಹಾಗಾಗಿ ಪೌಚ್ ಬಲಗಡೆ, ಸ್ವಲ್ಪ ಮುಂದಕ್ಕೆ ಇರಲಿ. ಮ್ಯಾಗಜೀನ್ ಬಾಯಿ ಕೆಳಗೆ, ತಳ ಮೇಲೆ, ಗುಂಡಿನ ಮೂತಿ ಮುಂದಕ್ಕೆ. ತಳ ಅಂಗೈಗೆ ಬರಬೇಕು, ತೋರುಬೆರಳು ಮುಂಭಾಗದ ಉದ್ದಕ್ಕೂ ಚಾಚಿರಬೇಕು. ಆ ಬೆರಳೇ ಮ್ಯಾಗಜೀನಿಗೆ ದಾರಿ ತೋರಿಸುವುದು. ಮಲಗಿ ಹೊಡೆಯುವುದಾದರೆ ಪೌಚ್ ಮೈ ಕೆಳಗೆ ಸಿಕ್ಕುತ್ತದೆ, ಆಗ ಕೋವಿಯ ಬಲಕ್ಕೆ ಒಣ ಬಟ್ಟೆಯ ಮೇಲೆ ಜೋಡಿಸಿಡಿ.

ಬದಲಿಸುವ ಕ್ರಮ: ನಳಿಗೆ ಗುರಿಯ ಕಡೆಗೇ, ಬೆರಳು ಟ್ರಿಗರ್ ಗಾರ್ಡಿನ ಹೊರಗೆ. ಬೋಲ್ಟ್ ಪೂರ್ತಿ ಹಿಂದಕ್ಕೆಳೆದು ಅಲ್ಲೇ ಬಿಡಿ. ಬೋಲ್ಟ್ ಮುಚ್ಚಿರುವಾಗ ತುಂಬಿದ ಮ್ಯಾಗಜೀನ್ ಹಾಕಿದರೆ ಮೇಲಿನ ಗುಂಡು ಬೋಲ್ಟಿಗೆ ಒತ್ತಿ, ಮ್ಯಾಗಜೀನನ್ನು ಹಿಡಿದಿಡುವ ಕ್ಯಾಚ್ ಸರಿಯಾಗಿ ಹಿಡಿಯದೇ ಹೋಗಬಹುದು. ಕ್ಯಾಚ್ ಒತ್ತಿ ಖಾಲಿಯದನ್ನು ತೆಗೆದು ಬೇರೆ ಚೀಲಕ್ಕೆ ಹಾಕಿ, ತುಂಬಿದವುಗಳ ಜೊತೆ ಬೇಡ. ಸಿಮೆಂಟ್ ನೆಲಕ್ಕೆ ಬೀಳಿಸಲೂಬೇಡಿ, ಗುಂಡನ್ನು ಹಿಡಿದಿಡುವ ಬಾಯಿಯ ತುಟಿ ಬಾಗಿದರೆ ಆ ಮ್ಯಾಗಜೀನ್ ಮತ್ತೆ ನಂಬಿಕೆಗೆ ಬರುವುದಿಲ್ಲ. ಹೊಸದನ್ನು 'ಟಕ್' ಅನ್ನುವವರೆಗೆ ತಳ್ಳಿ, ಕೆಳಕ್ಕೊಮ್ಮೆ ಜಗ್ಗಿ ನೋಡಿ, ಆಮೇಲೆ ಬೋಲ್ಟ್ ಮುಚ್ಚಿ. ಜಗ್ಗಿ ನೋಡುವುದನ್ನು ಆತುರದಲ್ಲಿ ಬಿಟ್ಟವರದ್ದೇ ಮ್ಯಾಗಜೀನ್ ಮೊದಲ ಈಡಿಗೆ ಕಳಚಿ ಕೆಳಗೆ ಬೀಳುವುದು.

ಇನ್ನು ಸಿಕ್ಕಿಹಾಕಿಕೊಳ್ಳುವುದು. .22ರ ತೋಟಾಕ್ಕೆ ತಳದಲ್ಲಿ ಹೊರಚಾಚಿದ ಅಂಚಿದೆ. ಮೇಲಿನ ತೋಟಾದ ಅಂಚು ಕೆಳಗಿನದರ ಅಂಚಿಗಿಂತ ಮುಂದಿರಬೇಕು, ಮಾಡಿಗೆ ಹೆಂಚು ಹೊದಿಸಿದ ಹಾಗೆ. ಒಂದು ಹಿಂದೆ ಬಿದ್ದರೂ ಬೋಲ್ಟ್ ತಳ್ಳಿದಾಗ ಎರಡೂ ಒಟ್ಟಿಗೆ ಎಳೆದಾಡಿ ನಿಂತುಬಿಡುತ್ತವೆ. .315 ಕೋವಿಯಲ್ಲೂ ಇದೇ ಕಾಟ. ತುಂಬುವಾಗ ಮೊದಲೇ ಹಾಕಿದ ತೋಟಾವನ್ನು ಹೆಬ್ಬೆರಳಲ್ಲಿ ಒತ್ತಿ, ಹೊಸದನ್ನು ಮುಂದಿನಿಂದ ತುಟಿಯಡಿ ಜಾರಿಸಿ, ಪ್ರತಿ ಸಲವೂ ಅಂಚು ನೋಡಿ.

ಪ್ರಶ್ನೆ (ಸಕಲೇಶಪುರ): ಅಂಚು ಸರಿ ಇದ್ದೂ ಸಿಕ್ಕಿಕೊಂಡರೆ?

ಉತ್ತರ (ಕೋವಿ ರಿಪೇರಿಯವರು, ಚಿಕ್ಕಮಗಳೂರು): ಮೂರಕ್ಕೂ ತಳದಲ್ಲಿ ಬಣ್ಣದಿಂದ 1, 2, 3 ಬರೆಯಿರಿ. ತೊಂದರೆ ಯಾವಾಗಲೂ 2ರಲ್ಲೇ ಬಂದರೆ ಅದರ ತುಟಿ ಅಥವಾ ಸ್ಪ್ರಿಂಗ್ ಕೆಟ್ಟಿದೆ. ಮೂರರಲ್ಲೂ ಬಂದರೆ ಕೋವಿಯನ್ನೇ ತೋರಿಸಿ: ತೋಟಾವನ್ನು ಹೊರಗೆಳೆಯುವ ಎಕ್ಸ್‌ಟ್ರಾಕ್ಟರ್ ಉಗುರು ಸವೆದಿರಬಹುದು, ಗುಂಡು ಕೂರುವ ಚೇಂಬರಿನಲ್ಲಿ ಮಸಿ ಕಟ್ಟಿರಬಹುದು. ತುಟಿ ಅಗಲವಾದರೆ ಗುಂಡು ಮೂತಿ ಎತ್ತುತ್ತದೆ, ಬಿಗಿಯಾದರೆ ಮುಂದೆ ಜಾರುವುದೇ ಇಲ್ಲ. ಇಕ್ಕಳ ಹಾಕಿ ನೀವೇ ಬಗ್ಗಿಸಬೇಡಿ.

ಪ್ರಶ್ನೆ (ಮೂಡಿಗೆರೆ): ನಮ್ಮ ಮಳೆಗೆ ಚರ್ಮದ ಪೌಚ್ ಆಗುತ್ತಾ ಅಣ್ಣ? ಒಳಗೆ ಎಣ್ಣೆ ಹಾಕಿದ್ರೆ ತುಕ್ಕು ಹಿಡಿಯಲ್ಲ ಅಲ್ವಾ?

ಉತ್ತರ (ಚಿಕ್ಕಮಗಳೂರು): ಎರಡೂ ಬೇಡ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿ ಚರ್ಮ ಆರುವುದೇ ಇಲ್ಲ. ಹದ ಮಾಡಿದ ಚರ್ಮದ ಉಪ್ಪು ಆ ತೇವದಲ್ಲಿ ತೋಟಾದ ಹಿತ್ತಾಳೆ ಕವಚಕ್ಕೆ ತಾಗಿ ಹಸಿರು ಕಿಲುಬು ಹಿಡಿಯುತ್ತದೆ. ಮುಚ್ಚಳವಿರುವ ನೈಲಾನ್ ಪೌಚ್ ಒಳ್ಳೆಯದು. ಮ್ಯಾಗಜೀನ್ ಒಳಗೆ ಎಣ್ಣೆ ಹಾಕಿದರೆ ಮಸಿಯೂ ಧೂಳೂ ಸೇರಿ ಮುದ್ದೆಯಾಗುತ್ತದೆ, ಗುಂಡನ್ನು ಮೇಲೆತ್ತುವ ತಟ್ಟೆ ಅರ್ಧದಲ್ಲೇ ನಿಲ್ಲುತ್ತದೆ. ಒಳಗೆ ಒಣ ಬಟ್ಟೆಯಲ್ಲಿ ಒರೆಸಿ, ಎಣ್ಣೆ ಬಟ್ಟೆ ಹೊರಮೈಗೆ ಮಾತ್ರ.

ಪ್ರಶ್ನೆ (ಅರಸೀಕೆರೆ): ಎಸ್‌ಎಲ್‌ಆರ್ (ಸೆಲ್ಫ್ ಲೋಡಿಂಗ್ ರೈಫಲ್) ಕೋವಿಗೂ ಇದೇ ಕ್ರಮವಾ ಸಾರ್?

ಉತ್ತರ (ಹಾಸನ): ಇಲ್ಲ. ಅದರ 20 ಗುಂಡಿನ ಮ್ಯಾಗಜೀನ್ ನೇರ ಮೇಲಕ್ಕೆ ಹೋಗುವುದಿಲ್ಲ. ಮುಂದಿನ ತುದಿ ಮೊದಲು ಕೊಕ್ಕೆಗೆ ಸಿಕ್ಕಿಸಿ, ಹಿಂದಕ್ಕೆ ತೂಗಿ ಕೂರಿಸಬೇಕು. ಎಕೆ-47ರಂಥ ಎಕೆ ರೈಫಲಿನಲ್ಲೂ ಹಾಗೇ. ಕೆಲಸ ಎಡಗೈದು, ಪೌಚ್ ಎಡಕ್ಕೆ.

ಪ್ರಶ್ನೆ (ಸಕಲೇಶಪುರ): ಮನೆಯಲ್ಲಿ ಅಭ್ಯಾಸ ಮಾಡಬಹುದಾ?

ಉತ್ತರ (ಹಾಸನ): ಮಾಡಿ, ಆದರೆ ನಿಜವಾದ ತೋಟಾ ಆ ಕೋಣೆಯಲ್ಲೇ ಇರಬಾರದು. ಡಮ್ಮಿ ತೋಟಾ ಬಳಸಿ. ಚೇಂಬರ್ ಖಾಲಿಯಿಟ್ಟು .22ರ ಟ್ರಿಗರ್ ಒತ್ತಿದರೆ ಗುಂಡು ಸಿಡಿಸುವ ಪಿನ್ ಹೋಗಿ ಚೇಂಬರಿನ ಅಂಚಿಗೇ ಬಡಿಯಬಹುದು. ಮೊದಲು ನಿಧಾನಕ್ಕೆ, ಕೈ ಎಲ್ಲೂ ತಡವರಿಸದ ಮೇಲೆ ವೇಗ. ಮುಗಿಸುವಾಗ ಮೊದಲು ಮ್ಯಾಗಜೀನ್ ತೆಗೆಯಿರಿ, ಆಮೇಲೆ ಬೋಲ್ಟ್ ಎಳೆದು ಚೇಂಬರಿಗೆ ಕಣ್ಣೂ ಕಿರುಬೆರಳೂ ಹಾಕಿ ನೋಡಿ. ಮ್ಯಾಗಜೀನ್ ತೆಗೆದ ಮಾತ್ರಕ್ಕೆ ಕೋವಿ ಖಾಲಿಯಾಗಿರುವುದಿಲ್ಲ, ಒಂದು ಗುಂಡು ಚೇಂಬರಿನಲ್ಲೇ ಕೂತಿರಬಹುದು. ಕ್ರಮ ತಿರುಗಿಸಿದರೆ ಬೋಲ್ಟ್ ಮುಚ್ಚುವಾಗ ಮ್ಯಾಗಜೀನಿಂದ ಇನ್ನೊಂದು ಗುಂಡು ಒಳಗೆ ಹೋಗುತ್ತದೆ. ಜೀಪಿಗೆ ಹತ್ತಿಸುವ ಮೊದಲೂ ಇದೇ ಕ್ರಮ: ಕೋವಿ ಚೀಲದಲ್ಲಿ, ಮ್ಯಾಗಜೀನ್ ಹೊರಗೆ, ತೋಟಾ ಬೇರೆ ಡಬ್ಬಿಯಲ್ಲಿ.